ಮದುವೆ ಹಾಲಿನ ಡಿಸ್ಕೋ

ಜರ್ಮನಿಯ ಡಿಸ್ಕೋ ಎಂದರೆ ಬಲ್ಲವರು ಮ್ಯೂನಿಕ್ ನಗರದ ಹೆಸರು ಹೇಳುತ್ತಾರೆ. 1977ರಲ್ಲಿ ಅಲ್ಲಿ ಜಾರ್ಜಿಯೊ ಮೊರೊಡರ್ ಮೂಗ್ ಸಿಂಥಸೈಜರ್ ಇಟ್ಟುಕೊಂಡು ಡೋನಾ ಸಮ್ಮರ್ ಅವರಿಂದ 'ಐ ಫೀಲ್ ಲವ್' ಹಾಡಿಸಿದರು. ಯಂತ್ರದ ತಾಳಕ್ಕೆ ಲೋಕವೇ ಕುಣಿಯಿತು. 1988ರಲ್ಲಿ ಷಿಕಾಗೋ ಮೂಲದ ಆ್ಯಸಿಡ್ ಹೌಸ್ ಬರ್ಲಿನ್ನಿನ ಒಂದು ನೆಲಮಾಳಿಗೆಗೆ, ಊಫೋ ಎಂಬ ಕ್ಲಬ್ಬಿಗೆ ಇಳಿಯಿತು. ಇವೆಲ್ಲ ಪುಸ್ತಕಗಳಲ್ಲಿ ಬಂದಿವೆ. ಇವೆರಡರ ನಡುವೆ ಹುಟ್ಟಿದ ಇನ್ನೊಂದು ಡಿಸ್ಕೋ, ಗಲ್ಫಿನಲ್ಲಿ ದುಡಿಯುವ ನಮಗೆ ಹೆಚ್ಚು ಹತ್ತಿರದ್ದು.

1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿಯು ಕೆಲಸಗಾರರನ್ನು ಕರೆಸಿಕೊಳ್ಳಲು ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದವರಿಗೆ ಇಟ್ಟ ಹೆಸರು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕೆಲಸಗಾರ. ಅತಿಥಿಯ ಕೈಗೆ ಗುದ್ದಲಿ ಕೊಡುವುದು ಯಾವ ಊರಿನ ಸತ್ಕಾರವೋ! ಹಂಚಿಕೊಂಡ ಕೋಣೆ, ಮಂಚದ ಮೇಲೊಂದು ಮಂಚ, ಊರಿಗೆ ಕಳಿಸುವ ಹಣ: ಎಲ್ಲ ನಮಗೆ ಗೊತ್ತಿದ್ದದ್ದೇ. 1973ರ ನವೆಂಬರಿನಲ್ಲಿ, ತೈಲ ಬಿಕ್ಕಟ್ಟಿನ ಹೊತ್ತಿಗೆ, ಹೊಸಬರನ್ನು ಕರೆಸುವುದು ನಿಂತಿತು. ಅದೇ ತೈಲದ ಬೆಲೆ ಏರಿ ನಮ್ಮ ಹಿರಿಯರಿಗೆ ಗಲ್ಫಿನ ಬಾಗಿಲು ತೆರೆಯಿತು.

ಅಲ್ಲಿ ಉಳಿದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಮಕ್ಕಳು ಬೆಳೆದರು, ಮದುವೆಗಳಾದವು. ಆ ಮದುವೆ ಹಾಲುಗಳಲ್ಲಿ ಮೆರೆದವರು 'ದೆರ್ದಿಯೊಕ್ಲಾರ್' ಜೋಡಿ, ಅಲಿ ಎಕ್ಬರ್ ಆಯ್ದೊವಾನ್ ಮತ್ತು ಇಹ್ಸಾನ್ ಗುವೆರ್ಜಿನ್. ಒಬ್ಬರ ಕೈಯಲ್ಲಿ ಕರೆಂಟಿಗೆ ಜೋಡಿಸಿದ ಸಾಜ್, ಅಂದರೆ ಟರ್ಕಿಯ ಹಳ್ಳಿಗಳ ಉದ್ದ ಕತ್ತಿನ ತಂತಿವಾದ್ಯ; ಇನ್ನೊಬ್ಬರದು ಡ್ರಮ್ಸ್. ಜನಪದ ಹಾಡಿಗೆ ಡಿಸ್ಕೋ ತಾಳ. 1984ರ ಅವರ ಆಲ್ಬಮ್ಮಿನ ಹೆಸರೇ 'ಡಿಸ್ಕೋ ಫೋಕ್'.

ಆ ಹೊತ್ತು ಎಂಥದೆಂದು ನೋಡಬೇಕು. 1983ರಲ್ಲಿ ಜರ್ಮನ್ ಸರ್ಕಾರ ಒಂದು ಕಾನೂನು ತಂದಿತು. ಕೆಲಸ ಕಳೆದುಕೊಂಡ ವಿದೇಶಿಯರು ಕುಟುಂಬ ಸಮೇತ ಊರಿಗೆ ಮರಳಿದರೆ 10,500 ಮಾರ್ಕ್, ಮಗುವೊಂದಕ್ಕೆ 1,500 ಬೇರೆ. ನಮ್ಮ ಮಾತಿನಲ್ಲಿ ಫೈನಲ್ ಸೆಟಲ್‌ಮೆಂಟ್. ಹೋಗಿ ಎಂದು ದುಡ್ಡು ಎಣಿಸುತ್ತಿದ್ದ ದೇಶದಲ್ಲೇ ನಿಂತು ಈ ಜೋಡಿ 'ಲೀಬೆ ಗಾಬಿ', ಅಂದರೆ ಪ್ರಿಯ ಗಾಬಿ ಎಂದು, ಜರ್ಮನ್ ಹೆಸರು ಕರೆದು ಹಾಡಿತು.

ಇಂಥ ಕ್ಯಾಸೆಟ್ಟುಗಳು ಮಾರಾಟವಾದದ್ದು ಟರ್ಕಿಯವರ ದಿನಸಿ ಅಂಗಡಿಗಳಲ್ಲಿ. ಅಂಡರ್‌ಗ್ರೌಂಡ್ ಸಂಗೀತ ಎಂದರೆ ನಮ್ಮ ಲೆಕ್ಕದಲ್ಲಿ ಇದು. ಅದಕ್ಕೆ ನೆಲಮಾಳಿಗೆಯೇ ಬೇಕೆಂದಿಲ್ಲ. ಟರ್ಕಿ ಮೂಲದ ಇಮ್ರಾನ್ ಅಯಾಟಾ ಮತ್ತು ಬುಲೆಂಟ್ ಕುಲ್ಲುಕ್ಚು ಆ ಕಾಲದ ಹಾಡುಗಳನ್ನು ಹುಡುಕಿ ಆರಿಸಿದರು. ಮ್ಯೂನಿಕ್ಕಿನ ಟ್ರಿಕಾಂಟ್ ಕಂಪನಿ 'ಸಾಂಗ್ಸ್ ಆಫ್ ಗಾಸ್ಟ್‌ಆರ್ಬೈಟರ್' ಎಂಬ ಸಂಕಲನವಾಗಿ ಅವನ್ನು ಹೊರತಂದದ್ದು 2013ರಲ್ಲಿ. 'ಲೀಬೆ ಗಾಬಿ'ಯೂ ಅದರಲ್ಲಿದೆ.

ನಮ್ಮ ಹಿರಿಯರೂ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು, ಹಾಡು ತುಂಬಿ ಊರಿಗೆ ಕಳಿಸಿದವರು. ಅಂಥವು, ಹಳೆಯ ರಾಜ್ಯೋತ್ಸವದ ರಾತ್ರಿಗಳ ರೆಕಾರ್ಡಿಂಗುಗಳು ಯಾರ ಮನೆಯ ಅಟ್ಟದಲ್ಲಿದ್ದರೂ ಸಂಘಕ್ಕೆ ತಿಳಿಸಿ. ಪ್ರತಿ ಮಾಡಿಕೊಂಡು ಮೂಲವನ್ನು ಹಿಂದಿರುಗಿಸೋಣ. ಔಷಧಿಯಂತೆ ಟೇಪಿಗೂ ಶಾಖ ಆಗಿಬರುವುದಿಲ್ಲ. ಈ ಬೇಸಿಗೆಗೆ ಮುಂಚೆ ಸಿಕ್ಕರೆ ಒಳ್ಳೆಯದು.