ಅಂಡರ್‌ಸ್ಕೋರ್: ಪಟ್ಟಿಗಳನ್ನು ಸುಲಭವಾಗಿ ಸುತ್ತಿಬರುವ ಪುಟ್ಟ ಲೈಬ್ರರಿ

ಅಂಡರ್‌ಸ್ಕೋರ್ ಎಂಬುದು ಜಾವಾಸ್ಕ್ರಿಪ್ಟ್ ಭಾಷೆಗಾಗಿ ರೂಪಿಸಲಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕಿರು ಕೋಡ್ ಲೈಬ್ರರಿ. ಅಮೆರಿಕದ ಪ್ರೋಗ್ರಾಮರ್ ಜೆರೆಮಿ ಅಶ್ಕೆನಾಸ್ ಇದನ್ನು 2009ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದರು. ಪತ್ರಕರ್ತರು ಮೂಲ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಲು ನೆರವಾಗುವ ಡಾಕ್ಯುಮೆಂಟ್‌ಕ್ಲೌಡ್ ಯೋಜನೆಯ ಭಾಗವಾಗಿ ಇದು ಹುಟ್ಟಿತು. ಇದರ ಎಲ್ಲ ಸೌಲಭ್ಯಗಳನ್ನೂ ಅಡಿಗೆರೆಯ ಚಿಹ್ನೆಯೊಂದರ ಮೂಲಕವೇ ಕರೆಯಬೇಕಾದ್ದರಿಂದ ಅದಕ್ಕೆ ಆ ಹೆಸರು.

ಲೂಪ್‌ನ ತೊಡಕು

ಒಂದೇ ಹೆಸರಿನಡಿ ಸಾಲಾಗಿ ಜೋಡಿಸಿಟ್ಟ ಮಾಹಿತಿಗೆ ಪ್ರೋಗ್ರಾಮಿಂಗ್‌ನಲ್ಲಿ ಅರೇ ಎನ್ನುತ್ತಾರೆ. 60 ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರತಿಯೊಬ್ಬರ ಅಂಕವನ್ನೂ ಒಂದೊಂದಾಗಿ ನೋಡುತ್ತ ಹೋಗುವ ಕ್ರಿಯೆಯೇ ಲೂಪ್. ಜಾವಾಸ್ಕ್ರಿಪ್ಟ್‌ನಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ 60ನೇ ವಿದ್ಯಾರ್ಥಿಯ ಸ್ಥಾನ 59 ಆಗಿರುತ್ತದೆ. ಈ ಲೆಕ್ಕ ಒಂದಂಕಿ ತಪ್ಪಿದರೂ ಕೊನೆಯ ವಿದ್ಯಾರ್ಥಿ ಬಿಟ್ಟುಹೋಗಬಹುದು, ಇಲ್ಲವೇ ಇಲ್ಲದ ವಿದ್ಯಾರ್ಥಿಯನ್ನು ಕಂಪ್ಯೂಟರ್ ಹುಡುಕಬಹುದು.

ಅಂಡರ್‌ಸ್ಕೋರ್ ಈ ಎಣಿಕೆಯ ಹೊಣೆಯನ್ನು ತಾನೇ ಹೊತ್ತುಕೊಂಡಿತು. 'ಈಚ್' ಪ್ರತಿ ಅಂಶವನ್ನೂ ಸಂದರ್ಶಿಸುತ್ತದೆ. 'ಮ್ಯಾಪ್' ಪ್ರತಿ ಅಂಕವನ್ನೂ ಶೇಕಡಾವಾರಿಗೆ ಬದಲಿಸಿ ಹೊಸ ಪಟ್ಟಿ ಕೊಡಬಲ್ಲದು. 'ಫಿಲ್ಟರ್' 35ಕ್ಕಿಂತ ಕಡಿಮೆ ಪಡೆದವರನ್ನು ಮಾತ್ರ ಹೆಕ್ಕಬಲ್ಲದು. 'ರೆಡ್ಯೂಸ್' ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತವಾಗಿಸಬಲ್ಲದು. ಹೆಸರು ಮತ್ತು ಮೌಲ್ಯಗಳ ಜೋಡಿಯಿರುವ ಆಬ್ಜೆಕ್ಟ್‌ಗಳ ಮೇಲೂ ಇವು ಕೆಲಸ ಮಾಡುತ್ತವೆ.

ಬೇಡಿಕೆಗೆ ಕಾರಣ

ಇಂಥ ಸೌಲಭ್ಯಗಳು ಭಾಷೆಯ ಅಧಿಕೃತ ಮಾನದಂಡಕ್ಕೆ ಸೇರಿದ್ದು 2009ರ ಡಿಸೆಂಬರ್‌ನಲ್ಲಿ. ಆದರೆ ಅದೇ ವರ್ಷ ಬಂದಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಅವು ಇರಲಿಲ್ಲ. ಬ್ರೌಸರ್‌ನಲ್ಲಿ ಸೌಲಭ್ಯವಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ತನ್ನದೇ ಕೋಡ್ ಓಡಿಸುತ್ತಿದ್ದ ಅಂಡರ್‌ಸ್ಕೋರ್‌ನ ಆರಂಭದ ಆವೃತ್ತಿಗಳು ಹೀಗಾಗಿ ಜನಪ್ರಿಯವಾದವು. ಅಶ್ಕೆನಾಸ್ ಅವರೇ 2010ರಲ್ಲಿ ಹೊರತಂದ ಬ್ಯಾಕ್‌ಬೋನ್ ಇದನ್ನೇ ಅವಲಂಬಿಸಿದ್ದರಿಂದ ಬಳಕೆ ಇನ್ನಷ್ಟು ಹಬ್ಬಿತು.

ಮೂಲಕ್ಕೆ ಕೈಹಾಕದ ಎಚ್ಚರ

2005ರಲ್ಲಿ ಬಂದ ಪ್ರೋಟೋಟೈಪ್ ಲೈಬ್ರರಿ ತನ್ನ ಸೌಲಭ್ಯಗಳನ್ನು ಭಾಷೆಯ ಮೂಲ ಅರೇಗೇ ಜೋಡಿಸುತ್ತಿತ್ತು. ಇದರಿಂದ 'ಫಾರ್-ಇನ್' ಲೂಪ್ ಬಳಸಿದವರಿಗೆ ಪಟ್ಟಿಯ ಅಂಶಗಳ ಜತೆಗೆ ಲೈಬ್ರರಿಯ ಸೌಲಭ್ಯಗಳೂ ಎದುರಾಗುತ್ತಿದ್ದವು. ಅಂಡರ್‌ಸ್ಕೋರ್ ಮೂಲ ಅರೇಯನ್ನು ಮುಟ್ಟಲಿಲ್ಲ.

ಈ ಎಚ್ಚರದ ಬೆಲೆ 2018ರಲ್ಲಿ ಅರಿವಾಯಿತು. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿಡುವ ಹೊಸ ಸೌಲಭ್ಯಕ್ಕೆ 'ಫ್ಲಾಟನ್' ಎಂಬ ಹೆಸರನ್ನು ಪ್ರಸ್ತಾಪಿಸಲಾಗಿತ್ತು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೂಲ ಅರೇಗೆ ಸೇರಿಸಿತ್ತು. ಅದನ್ನು ಬಳಸುವ ಜಾಲತಾಣಗಳು ಕೆಡುವ ಅಪಾಯ ಕಂಡುಬಂದಾಗ ಮಾನದಂಡ ಸಮಿತಿಯೇ ಹಿಂದೆ ಸರಿಯಬೇಕಾಯಿತು. 2019ರ ಮಾನದಂಡದಲ್ಲಿ ಆ ಸೌಲಭ್ಯ 'ಫ್ಲಾಟ್' ಎಂಬ ಹೆಸರಿನಲ್ಲಿ ಸೇರಿತು.

ಮಿತಿಗಳು

ಅಂಡರ್‌ಸ್ಕೋರ್‌ನ 'ಈಚ್' ಅನ್ನು ನಡುವೆ ನಿಲ್ಲಿಸಲಾಗದು. ಬೇಕಾದುದು ಸಿಕ್ಕೊಡನೆ ನಿಲ್ಲಬೇಕಾದರೆ 'ಫೈಂಡ್' ಬಳಸಬೇಕು. 2012ರಲ್ಲಿ ಜಾನ್-ಡೇವಿಡ್ ಡಾಲ್ಟನ್ ಇದರಿಂದಲೇ ಕವಲೊಡೆಸಿದ ಲೋಡ್ಯಾಶ್‌ನಲ್ಲಿ 'ಫಾಲ್ಸ್' ಎಂದು ಉತ್ತರಿಸಿ ಲೂಪ್ ನಿಲ್ಲಿಸಬಹುದು.

ಸುರಕ್ಷತೆಯ ಪ್ರಶ್ನೆಯೂ ಇದೆ. ಲೂಪ್‌ಗೆ ಸಂಬಂಧವಿಲ್ಲದ 'ಟೆಂಪ್ಲೇಟ್' ಸೌಲಭ್ಯದಲ್ಲಿ ಹೊರಗಿನವರು ತಮ್ಮ ಕೋಡ್ ನುಸುಳಿಸಬಹುದಾದ ದೋಷವೊಂದು 2021ರಲ್ಲಿ ಬಹಿರಂಗವಾಯಿತು. ಆವೃತ್ತಿ 1.12.1ರಲ್ಲಿ ಅದನ್ನು ಸರಿಪಡಿಸಲಾಯಿತು. ಕೇವಲ ಲೂಪ್‌ಗಾಗಿ ಲೈಬ್ರರಿ ಅಳವಡಿಸಿಕೊಂಡವರ ಜಾಲತಾಣಗಳಲ್ಲೂ ಆ ಭಾಗ ಉಳಿದಿರುತ್ತದೆ.

ಇಂದಿನ ಬ್ರೌಸರ್‌ಗಳಲ್ಲಿ 'ಮ್ಯಾಪ್', 'ಫಿಲ್ಟರ್', 'ರೆಡ್ಯೂಸ್' ಮತ್ತು ನಡುವೆ ನಿಲ್ಲಿಸಬಹುದಾದ 'ಫಾರ್-ಆಫ್' ಲೂಪ್ ಅಂತರ್ಗತವಾಗಿಯೇ ಇವೆ. ಆದ್ದರಿಂದ ಹೊಸ ಕೆಲಸಕ್ಕೆ ಬಹುತೇಕ ಸಂದರ್ಭಗಳಲ್ಲಿ ಅಂಡರ್‌ಸ್ಕೋರ್ ಬೇಕಾಗದು. ಹಳೆಯ ಜಾಲತಾಣ ನಿರ್ವಹಿಸುವವರು ಮಾತ್ರ ತಮ್ಮಲ್ಲಿರುವ ಆವೃತ್ತಿ ಯಾವುದೆಂದು ಪರಿಶೀಲಿಸಿ, 1.12.1ಕ್ಕಿಂತ ಹಿಂದಿನದಾದರೆ ಬದಲಿಸುವುದು ಅಗತ್ಯ.