ರೈಲಿಳಿದವನಿಗೆ ಠಿಕಾಣಿ ಎಲ್ಲಿ?

ಕನ್ನಡದಲ್ಲಿ ಹೋಟೆಲು ಎಂದರೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ನಾವು ಲಾಡ್ಜು ಎನ್ನುತ್ತೇವೆ. ಕಟ್ಟಾಯದಲ್ಲಿ ಬಸ್ಸಿಳಿದು ‘ಇಲ್ಲಿ ಹೋಟೆಲು ಎಲ್ಲಿದೆ?’ ಎಂದು ಕೇಳಿದರೆ ಯಾರೂ ಕೋಣೆ ತೋರಿಸುವುದಿಲ್ಲ, ಕಾಫಿ ತಿಂಡಿ ಸಿಗುವ ಕಡೆಗೆ ಕೈ ಮಾಡುತ್ತಾರೆ. ಬೇರೆ ದೇಶಗಳಲ್ಲಿ ಕೋಣೆ, ಹಾಸಿಗೆಯನ್ನು ನೆನಪಿಸುವ ಪದವೊಂದು ನಮ್ಮಲ್ಲಿಗೆ ಬಂದು ಇಡ್ಲಿ ಸಾಂಬಾರಿಗೆ ಅಂಟಿಕೊಂಡದ್ದೇಕೆ? ಉತ್ತರ ಹುಡುಕುತ್ತ ಹೋದರೆ ರೈಲ್ವೆ ಸ್ಟೇಷನ್ನಿನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ರೈಲಿನಿಂದಿಳಿದ ಅಪರಿಚಿತ ರಾತ್ರಿ ಎಲ್ಲಿ ತಲೆಯಿಡಬೇಕು, ಯಾರ ಕೈಯ ಅಡುಗೆ ಉಣ್ಣಬೇಕು, ಬಾಗಿಲಲ್ಲಿ ಅವನನ್ನು ಏನು ಕೇಳಬೇಕು ಎಂಬ ಪ್ರಶ್ನೆಗಳು ಅಲ್ಲಿ ಬಹಳ ಕಾಲ ಕಾಡಿವೆ.

ಹಾಸನ ಸೀಮೆಗೆ ರೈಲು ತಡವಾಗಿ ಬಂತು. ಬೆಂಗಳೂರು-ಮೈಸೂರು ನಡುವೆ 1880ರ ದಶಕದ ಆರಂಭದಲ್ಲೇ ರೈಲು ಓಡಾಡುತ್ತಿತ್ತು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ಅರಸೀಕೆರೆ ಮೇಲೆ ಹರಿಹರದವರೆಗೆ 1889ರ ಹೊತ್ತಿಗೆ ಹಳಿ ಬಿದ್ದಿತ್ತು. ಆದರೆ ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೂಲಕ ಅರಸೀಕೆರೆ ಸೇರುವ ಮೀಟರ್‌ಗೇಜ್ ಮಾರ್ಗ ಪೂರ್ತಿಯಾದದ್ದು 1918ರ ಸುಮಾರಿಗೆ, ವಿಶ್ವೇಶ್ವರಯ್ಯನವರ ದಿವಾನಗಿರಿ ಮುಗಿಯುವ ಹೊತ್ತಿನಲ್ಲಿ. ಅಲ್ಲಿಯವರೆಗೆ ಈ ಕಡೆಯ ಜನ ಬೆಂಗಳೂರಿನ ರೈಲು ಹತ್ತಬೇಕಾದರೆ ಗಾಡಿ ಕಟ್ಟಿಕೊಂಡು ಅರಸೀಕೆರೆಗೆ ಹೋಗಬೇಕಿತ್ತು. ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ. ಕಟ್ಟಾಯಕ್ಕೂ ಇಲ್ಲ.

ರೈಲಿಗೆ ಮುಂಚೆ ಪ್ರಯಾಣಿಕರು ಇರಲಿಲ್ಲವೆಂದಲ್ಲ. ಕಾಲ್ನಡೆಯ ದಾರಿಗಳಲ್ಲಿ ಅರವಟ್ಟಿಗೆಗಳಿದ್ದವು, ಸತ್ರಗಳಿದ್ದವು. ಅವುಗಳಿಗೆ ಬಿಟ್ಟ ದತ್ತಿಗಳ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಆ ಪ್ರಯಾಣಿಕ ನಿಧಾನವಾಗಿ ಬರುತ್ತಿದ್ದ. ಊರೂರು ದಾಟಿ, ಪರಿಚಯ ಹೇಳಿಕೊಂಡು, ನೆಂಟರ ಮನೆ, ಜಾತಿಯವರ ಜಗಲಿ, ದೇವಸ್ಥಾನದ ಅಂಗಳ ಹುಡುಕಿಕೊಂಡು ಬರುತ್ತಿದ್ದ. ರೈಲು ಹಾಗಲ್ಲ. ಒಂದೇ ಗಳಿಗೆಯಲ್ಲಿ ನೂರಾರು ಜನರನ್ನು ಒಂದೇ ಜಾಗದಲ್ಲಿ ಸುರಿದು ಮುಂದೆ ಹೋಗಿಬಿಡುತ್ತದೆ. ಅವರಲ್ಲಿ ಕೋರ್ಟಿನ ಕೆಲಸಕ್ಕೆ ಬಂದವರಿದ್ದಾರೆ, ಕಾಯಿಲೆಯವರಿದ್ದಾರೆ, ಪರೀಕ್ಷೆ ಕಟ್ಟಲು ಬಂದ ಹುಡುಗರಿದ್ದಾರೆ. ರಾತ್ರಿಯಾಗಿದೆ, ನೆಂಟರಿಲ್ಲ. ಛತ್ರ ಈಗ ಊರ ದಾರಿಯಿಂದ ಸ್ಟೇಷನ್ನಿನ ಎದುರಿಗೆ ಬರಲೇಬೇಕಾಯಿತು.

ಬೆಂಗಳೂರಿನಲ್ಲಿ ಹಾಗೆ ಬಂದ ಛತ್ರಗಳಲ್ಲಿ ಹಳೆ ಮೈಸೂರಿನವರಿಗೆಲ್ಲ ಗೊತ್ತಿರುವುದು ತೋಟದಪ್ಪನವರ ಛತ್ರ. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದವರು. ಮಕ್ಕಳಿರಲಿಲ್ಲ. 1897ರಲ್ಲಿ ರೈಲ್ವೆಯವರಿಂದ ಸ್ಟೇಷನ್ನಿನ ಎದುರಿಗೇ ಎರಡೂವರೆ ಎಕರೆ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಪ್ರಯಾಣಿಕರಿಗೆ ತಂಗಲು ಜಾಗ, ಜೊತೆಗೆ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ. ಮಹಾರಾಜರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದು ಕೊಟ್ಟರು. ಬ್ರಿಟಿಷ್ ಸರ್ಕಾರ ‘ರಾವ್ ಬಹದ್ದೂರ್’ ಎಂದಿತು. 1910ರಲ್ಲಿ ಅವರು ತೀರಿಕೊಂಡ ಮೇಲೂ ಅವರು ಬಿಟ್ಟುಹೋದ ದತ್ತಿ ನಡೆಯುತ್ತ ಬಂತು. ಇವತ್ತು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯಲು ಓಡುವವರು ದಾಟುವ ರಸ್ತೆಗೂ ಅವರದೇ ಹೆಸರು.

ಇಲ್ಲಿ ಒಂದು ಮಾತು. ವ್ಯಾಪಾರಿಯ ಲೆಕ್ಕ ಎಷ್ಟು ಖಚಿತವಾಗಿತ್ತು ನೋಡಿ. ಪುಣ್ಯ ಬೇಕೆಂದವರು ಸಾಮಾನ್ಯವಾಗಿ ಕ್ಷೇತ್ರದಲ್ಲಿ, ದೇವಸ್ಥಾನದ ಪಕ್ಕದಲ್ಲಿ ಛತ್ರ ಕಟ್ಟಿಸುತ್ತಿದ್ದರು. ಇವರು ಆರಿಸಿದ್ದು ರೈಲ್ವೆ ಸ್ಟೇಷನ್ನಿನ ಎದುರು. ಇನ್ನು ಮುಂದೆ ಜನ ಎಲ್ಲಿ ಬಂದಿಳಿಯುತ್ತಾರೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು. ಆ ಆಸುಪಾಸಿನ ಇನ್ನೊಂದು ರಸ್ತೆಯ ಹೆಸರೂ ಇದನ್ನೇ ಹೇಳುತ್ತದೆ. ಗಾಂಧಿನಗರದ ಲಾಡ್ಜುಗಳ ಸಾಲಿಗೆ ಹೋಗುವವರು ‘ಎಸ್.ಸಿ. ರೋಡ್’ ಎಂದು ಆಟೊದವನಿಗೆ ಹೇಳುತ್ತಾರಲ್ಲ, ಅದು ಸುಬೇದಾರ್ ಛತ್ರಂ ರಸ್ತೆ. ಛತ್ರ ಹೆಸರಿನಲ್ಲಿ ಉಳಿಯಿತು, ಸುತ್ತ ಲಾಡ್ಜುಗಳು ಬೆಳೆದವು.

ಅದೇ ಕಾಲದಲ್ಲಿ ಸ್ಟೇಷನ್ನಿಗೆ ಬಹಳ ದೂರವೇನೂ ಅಲ್ಲದ ಕಡೆ ಬೇರೆಯೇ ತರಹದ ವಸತಿಗಳೂ ಇದ್ದವು. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆಯ ಬೋರ್ಡಿಂಗ್ ಹೌಸಾಗಿ ಶುರುವಾಯಿತು. ಮೈಸೂರು ಸ್ಟೇಷನ್ನಿನ ಹತ್ತಿರದ ಮೆಟ್ರೊಪೋಲ್ ಹೋಟೆಲನ್ನು ಮಹಾರಾಜರು 1920ರಲ್ಲಿ ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದರು. ಅಲ್ಲಿ ‘ಹೋಟೆಲು’ ಎಂದರೆ ಕೋಣೆಯೇ. ಹೊಳೆನರಸೀಪುರದಿಂದ ಮೂರನೇ ಕ್ಲಾಸಿನಲ್ಲಿ ಬಂದಿಳಿದವನಿಗೆ ಅದು ಕಾಂಪೌಂಡಿನ ಆಚೆ ಕಾಣುವ ಮರಗಳು ಮಾತ್ರ.

ಹಾಗಾದರೆ ಛತ್ರ ಎಲ್ಲರಿಗೂ ತೆರೆದಿತ್ತೇ? ಇದನ್ನು ಕೇಳದೆ ಛತ್ರಗಳ ಗುಣಗಾನ ಮಾಡುವುದು ನಮ್ಮ ಬರಹಗಳ ರೂಢಿ. ಒಂದೊಂದು ಛತ್ರಕ್ಕೂ ಒಂದೊಂದು ಕಟ್ಟುಪಾಡಿತ್ತು. ಇಂಥ ಜಾತಿಯವರಿಗೆ ಒಳಮನೆ, ಇಂಥವರಿಗೆ ಹೊರಜಗಲಿ, ಅಡುಗೆಗೆ ಬೇರೆ ಬೇರೆ ಒಲೆ, ಬಾವಿಗೆ ಬೇರೆ ನಿಯಮ. ಬಾಗಿಲಲ್ಲಿ ಮೊದಲ ಪ್ರಶ್ನೆ ‘ಯಾವ ಜನ?’ ಎಂಬುದಾಗಿತ್ತು. ರೈಲಿನ ಡಬ್ಬಿಯಲ್ಲಿ ಟಿಕೆಟ್ ಇದ್ದವರೆಲ್ಲ ಒಂದೇ ಹಲಗೆಯ ಮೇಲೆ ಕೂತು ಬಂದರು. ಕೆಳಗಿಳಿದ ಕೂಡಲೇ ಮತ್ತೆ ಬೇರೆಯಾದರು. ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ಲಾಟ್‌ಫಾರಂ ಬಿಟ್ಟರೆ ಮರದಡಿ.

ಹಾಸನಕ್ಕೆ ರೈಲು ಬರುತ್ತಿದ್ದ ದಿನಗಳಲ್ಲೇ, 1917ರಲ್ಲಿ, ಅಮೆರಿಕ ಮತ್ತು ಲಂಡನ್ನಿನಲ್ಲಿ ಓದಿ ಬಂದ ಯುವಕನೊಬ್ಬ ನೌಕರಿಗೆಂದು ಬರೋಡ ಸ್ಟೇಷನ್ನಿನಲ್ಲಿ ಇಳಿದ. ಎಲ್ಲಿ ಉಳಿದುಕೊಳ್ಳುವುದು ಎಂಬುದೇ ಅವನ ಮೊದಲ ಚಿಂತೆ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲವೆಂದು ಗೊತ್ತಿತ್ತು. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಮಾಳಿಗೆಯ ಕೋಣೆ ಹಿಡಿದ. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಮೆಟ್ಟಿಲು ಹತ್ತಿ ಬಂತು. ಸಂಜೆಯೊಳಗೆ ಖಾಲಿ ಮಾಡಬೇಕೆಂದಿತು. ಊರಿನಲ್ಲಿದ್ದ ಒಬ್ಬ ಹಿಂದೂ, ಒಬ್ಬ ಕ್ರೈಸ್ತ ಸ್ನೇಹಿತರೂ ಮನೆಗೆ ಸೇರಿಸಿಕೊಳ್ಳಲು ನೆಪ ಹೇಳಿದರು. ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು ಆತ ರಾತ್ರಿಯ ರೈಲಿಗೆ ಮುಂಬಯಿಗೆ ಹಿಂತಿರುಗಿದ. ಆತ ಡಾ. ಬಿ.ಆರ್. ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ನೆನಪುಗಳಲ್ಲಿ ಇದನ್ನು ಅವರೇ ಬರೆದಿದ್ದಾರೆ. ಕೈಯಲ್ಲಿ ಹಣವಿತ್ತು, ಊರಿನಲ್ಲಿ ಖಾಲಿ ಕೋಣೆಗಳೂ ಇದ್ದವು.

ಈಗ ಇಡ್ಲಿಯ ಪ್ರಶ್ನೆಗೆ ಬರೋಣ. ಜಾತಿ ನಿಯಮದಲ್ಲಿ ಮಲಗುವುದಕ್ಕಿಂತ ಉಣ್ಣುವುದು ಕಠಿಣ. ಚಾಪೆ ಹಾಸಿಕೊಂಡು ಎಲ್ಲಿಯಾದರೂ ಒರಗಬಹುದು, ಕಂಡವರ ಕೈಯ ಅನ್ನ ಮಾತ್ರ ಆಗದು. ಹೀಗಾಗಿ ಪೇಟೆಗೆ ಬಂದವರಿಗೆ ಮೊದಲು ಬೇಕಾದದ್ದು ‘ಆಗಬಹುದಾದ’ ಅಡುಗೆ. ಅದನ್ನು ಕೊಟ್ಟವರು ಉಡುಪಿ ಕಡೆಯ ಬ್ರಾಹ್ಮಣ ಅಡುಗೆಯವರು. ಅವರು ಬೇಯಿಸಿದ್ದನ್ನು ಮೇಲುಜಾತಿಯವರೂ ಉಣ್ಣಬಹುದು, ಉಳಿದವರಿಗೂ ಅಡ್ಡಿಯಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈಗಿನ ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂಬುದನ್ನು ಮರೆಯುವಂತಿಲ್ಲ. ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಹಾಕುತ್ತ ಬಂದಿದೆ. ಹೆಸರಿನಲ್ಲಿ ಬೋರ್ಡಿಂಗ್ ಇದೆ, ಲಾಡ್ಜಿಂಗ್ ಇಲ್ಲ. ‘ಹೋಟೆಲು’ ಊಟದ ಮನೆಯಾದದ್ದು ಹೀಗೆ.

ಕೋಣೆಗಳು ಆಮೇಲೆ ಬಂದವು, ಅಡುಗೆಮನೆಯ ಹಿಂದೆಯೇ. ಕಡಂದಲೆಯ ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ಮೊದಲು ತಿಂಡಿ ಹೋಟೆಲು ನಡೆಸಿ, 1938ರಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಬಾಡಿಗೆಗೆ ಹಿಡಿದು ‘ವುಡ್‌ಲ್ಯಾಂಡ್ಸ್’ ತೆರೆದರು. ಮೈಸೂರಿನಲ್ಲಿ 1921ರಲ್ಲಿ ಹೆಸರು ಮಾಡಲಾರಂಭಿಸಿದ ದಾಸಪ್ರಕಾಶದ ಕೆ. ಸೀತಾರಾಮರಾಯರು 1954ರಲ್ಲಿ ಮದ್ರಾಸಿನ ಎಗ್ಮೋರ್ ಸ್ಟೇಷನ್ನಿಗೆ ಹತ್ತಿರವಾಗಿ, ಪೂನಮಲ್ಲಿ ಹೈರೋಡಿನಲ್ಲಿ, ಭವ್ಯವಾದ ವಸತಿ ಹೋಟೆಲು ಕಟ್ಟಿಸಿದರು. ಈಗ ಆ ಕಟ್ಟಡವಿಲ್ಲ. ರೈಲಿಳಿದ ಸಸ್ಯಾಹಾರಿ ಕುಟುಂಬಕ್ಕೆ ಶುಚಿಯಾದ ಕೋಣೆ, ಕೆಳಗೆ ತನ್ನದೇ ಊಟ ಎರಡೂ ಒಂದೇ ಸೂರಿನಡಿ ಸಿಕ್ಕಿದ್ದು ಇಂಥವರಿಂದ. ಇವರ ಸಾಧನೆ ದೊಡ್ಡದು. ಆದರೆ ಹಲವು ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ ಇದ್ದದ್ದೂ ನಿಜ. ಮದ್ರಾಸ್ ಪ್ರಾಂತದ ರೈಲ್ವೆ ಊಟದ ಕೋಣೆಗಳಲ್ಲೇ ‘ಬ್ರಾಹ್ಮಣರು’, ‘ಇತರರು’ ಎಂಬ ವಿಭಾಗಗಳಿದ್ದವು. ಪೆರಿಯಾರರ ಚಳವಳಿಯ ನಂತರ, 1941ರಲ್ಲಿ, ಅವು ಹೋದವು.

ಸಂವಿಧಾನ ಬರೆದವರಿಗೆ ಇದೆಲ್ಲ ಕೇಳಿದ ಕತೆಯಲ್ಲ, ಕಂಡದ್ದು. 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹಗಳ ಜೊತೆ ಹೋಟೆಲುಗಳನ್ನೂ ಹೆಸರಿಸಿ, ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಬರೆದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಸೇರಿಸಿತು. ಕಾಯ್ದೆಯಿಂದಲೇ ಎಲ್ಲ ಸರಿಹೋಯಿತೆಂದು ಯಾರೂ ಹೇಳಲಾರರು. ನನಗೆ ಕಾಣುವಂತೆ ಕಾಯ್ದೆಯಷ್ಟೇ ಕೆಲಸ ಮಾಡಿದ್ದು ಲಾಡ್ಜಿನ ವ್ಯಾಪಾರದ ಬುದ್ಧಿ. ಕೌಂಟರಿನವನಿಗೆ ಬೇಕಾದದ್ದು ಅಡ್ವಾನ್ಸು. ಛತ್ರದ ಪಾರುಪತ್ಯಗಾರನಿಗೆ ಬೇಕಾದದ್ದು ಕುಲಗೋತ್ರ. ಬಿಟ್ಟಿ ಕೊಡುವವನು ಪ್ರಶ್ನೆ ಕೇಳಿದ, ಕಾಸು ತೆಗೆದುಕೊಳ್ಳುವವನು ಕೀಲಿಕೈ ಕೊಟ್ಟ.

ಲಾಡ್ಜಿನವನೂ ಏನೂ ಕೇಳದೆ ಬಿಡುವುದಿಲ್ಲ. ದಪ್ಪ ರಿಜಿಸ್ಟರು ಮುಂದೆ ಸರಿಸುತ್ತಾನೆ. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಈ ಪುಸ್ತಕದ ಬೇರು ಬ್ರಿಟಿಷ್ ಇಂಡಿಯಾದ 1867ರ ಸರಾಯಿ ಕಾಯ್ದೆಯವರೆಗೆ ಹೋಗುತ್ತದೆ. ಸರಾಯಿ ನಡೆಸುವವರು ನೋಂದಣಿ ಮಾಡಿಸಬೇಕು, ಜಾಗ ಶುಚಿಯಾಗಿಡಬೇಕು, ಕೇಳಿದಾಗ ತಂಗಿದವರ ವಿವರ ಒಪ್ಪಿಸಬೇಕು ಎಂದಿತ್ತು ಅದು. 1857ರ ಬಂಡಾಯದ ನೆನಪು ಹಸಿಯಾಗಿದ್ದ ಸರ್ಕಾರಕ್ಕೆ ಓಡಾಡುವ ಜನರ ಮೇಲೆ ಗುಮಾನಿ ಇದ್ದರೆ ಆಶ್ಚರ್ಯವಿಲ್ಲ.

ಇದು ನಮ್ಮೊಬ್ಬರ ಪಾಡೂ ಅಲ್ಲ. ಬಿಡದಿಗೆ ಟೊಯೊಟಾ ಬಂದ ಮೇಲೆ ಕೆಲಸ, ತರಬೇತಿಗೆಂದು ಜಪಾನಿಗೆ ಹೋಗಿಬರುವ ಕನ್ನಡಿಗರಿದ್ದಾರೆ. ಸ್ಟೇಷನ್ನಿನ ಎದುರು ಎಷ್ಟೊಂದು ಹೋಟೆಲು, ಎಷ್ಟು ಚೊಕ್ಕಟ ಎನ್ನುತ್ತಾರೆ. ವಿಶ್ವೇಶ್ವರಯ್ಯನವರು 1898ರಲ್ಲಿ ಅಲ್ಲಿ ಪ್ರವಾಸ ಮಾಡಿದಾಗ ಆ ದೇಶಕ್ಕೆ ರೈಲು ಬಂದು 26 ವರ್ಷವಷ್ಟೇ ಆಗಿತ್ತು. ಅದಕ್ಕೂ ಮೊದಲು ಎಡೊದಿಂದ ಕ್ಯೋಟೊವರೆಗಿನ ತೊಕೈದೊ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ಪಾಳೆಯಗಾರರಿಗೆ ‘ಹೊಂಜಿನ್’, ಸಾಮಾನ್ಯರಿಗೆ ‘ಹತಾಗೊ’. ಅಲ್ಲೂ ಅಂತಸ್ತು ನೋಡಿಯೇ ಚಾಪೆ. 1914ರಲ್ಲಿ ಟೋಕಿಯೊ ಸ್ಟೇಷನ್ ತೆರೆಯಿತು, ಮರುವರ್ಷ ಅದೇ ಕೆಂಪು ಇಟ್ಟಿಗೆಯ ಕಟ್ಟಡದೊಳಗೇ ಹೋಟೆಲೊಂದು ಬಂತು. 1945ರ ಬಾಂಬು ದಾಳಿಯಲ್ಲಿ ಚಾವಣಿ ಸುಟ್ಟುಹೋದ ಕಟ್ಟಡ 2012ರಲ್ಲಿ ಹಳೆಯ ರೂಪಕ್ಕೆ ಮರಳಿತು. ಕೊನೆಯ ರೈಲು ತಪ್ಪಿಸಿಕೊಂಡ ನೌಕರರಿಗಾಗಿ 1979ರಲ್ಲಿ ಒಸಾಕದ ಉಮೇದಾದಲ್ಲಿ ಒಬ್ಬೊಬ್ಬರೇ ತೂರಿಕೊಂಡು ಮಲಗುವ ಕ್ಯಾಪ್ಸೂಲ್ ಹೋಟೆಲೂ ಶುರುವಾಯಿತು. ಇಷ್ಟೆಲ್ಲ ಸೌಕರ್ಯದ ನಡುವೆ 2003ರಲ್ಲಿ ಕುಮಾಮೊತೊ ಪ್ರಾಂತದ ಬಿಸಿನೀರ ಬುಗ್ಗೆಯ ಹೋಟೆಲೊಂದು ಕುಷ್ಠರೋಗದಿಂದ ಪೂರ್ತಿ ಗುಣವಾದ ವೃದ್ಧರಿಗೆ ಕೋಣೆ ಕೊಡಲು ನಿರಾಕರಿಸಿತು. ಸುದ್ದಿಯಾಗಿ ದೇಶವೇ ಗದ್ದಲವೆಬ್ಬಿಸಿತು. ಹೋಟೆಲು ಮುಚ್ಚಿತು.

ಬೆಂಗಳೂರಿಗೆ ಹೋಗುವ ನಮ್ಮ ಕಡೆಯವರು ಕೋಣೆ ಆರಿಸುವಾಗ ಈಗ ನೋಡುವುದು ಬೇರೆ ವಿಷಯ. ಬಿಸಿನೀರು ಎಷ್ಟು ಗಂಟೆಯವರೆಗೆ? ಕಿಟಕಿ ರಸ್ತೆಗೋ ಹಿಂದಕ್ಕೋ? ಬೋರ್ಡಿನಲ್ಲಿ ‘24 ಗಂಟೆ ಚೆಕ್‌ಔಟ್’ ಎಂದಿದೆಯೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ? ರೈಲಿನವರಿಗೆ ಈ ಕೊನೆಯದು ಮುಖ್ಯ. ಬೆಳಗಿನ ಜಾವ ಐದಕ್ಕೆ ಬಂದಿಳಿದವರಿಗೆ ಎರಡನೆಯ ತರಹದ ಲಾಡ್ಜಿನಲ್ಲಿ ಏಳೇ ಗಂಟೆಗೆ ಒಂದು ದಿನದ ಬಾಡಿಗೆ ಆಗಿಬಿಡಬಹುದು. ಸ್ಟೇಷನ್ನಿನೊಳಗಿನ ರಿಟೈರಿಂಗ್ ರೂಮು ಟಿಕೆಟ್ ಇದ್ದವರಿಗೆ ಸಿಗುತ್ತದೆ. ಹೊರೆ ಹೊತ್ತು ಅಲೆಯುವುದು ತಪ್ಪುತ್ತದೆ, ರಾತ್ರಿಯಿಡೀ ಅನೌನ್ಸ್‌ಮೆಂಟ್ ಕೇಳುವುದು ತಪ್ಪುವುದಿಲ್ಲ. ಒಂಟಿ ಹೆಣ್ಣುಮಗಳು ಬಂದರೆ ಕೌಂಟರಿನವನ ಪ್ರಶ್ನೆಗಳು ಇಂದಿಗೂ ರಿಜಿಸ್ಟರಿನ ಅಂಕಣಗಳಿಗಿಂತ ಹೆಚ್ಚು.

ಹಾಸನದಲ್ಲಿ ಸ್ಟೇಷನ್ನು ಪೇಟೆಯಿಂದ ದೂರ, ಬಿ.ಎಂ. ರಸ್ತೆಯಲ್ಲಿದೆ. ಹೀಗಾಗಿ ಲಾಡ್ಜುಗಳು ರೈಲನ್ನಲ್ಲ, ಬಸ್ಸನ್ನು ನಂಬಿ ಬೆಳೆದವು. ಬೇಲೂರು, ಹಳೇಬೀಡು ನೋಡಲು ಬರುವ ವಿದೇಶಿಯರಿಗೆಂದು ಕೇಂದ್ರದ ಪ್ರವಾಸೋದ್ಯಮ ನಿಗಮ ನಡೆಸುತ್ತಿದ್ದ ಹಾಸನ್ ಅಶೋಕ್ ಕೂಡ ಅದೇ ರಸ್ತೆಯಲ್ಲಿ ಬಂತು. ಮುಂದೆ ಖಾಸಗಿಯವರ ಕೈ ಸೇರಿತು. 2017ರ ಮಾರ್ಚಿನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಹಳಿ ತೆರೆದ ಮೇಲೆ ಅರಸೀಕೆರೆಯ ಸುತ್ತು ತಪ್ಪಿತು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವವರೇ ಈಗ ಬಹಳ. ಕೆಲವು ರೈಲುಗಳು ಮೆಜೆಸ್ಟಿಕ್ಕಿಗೆ ಹೋಗದೆ ಯಶವಂತಪುರದಲ್ಲೇ ನಿಲ್ಲುತ್ತವೆ. ರಾತ್ರಿ ಉಳಿಯಲೇಬೇಕಾದವರು ಆಸ್ಪತ್ರೆಗೆ ಬಂದವರು ಮತ್ತು ಮರುದಿನ ಪರೀಕ್ಷೆ ಇರುವವರು. ಅವರಿಗೆ ಕೋಣೆ ಸ್ಟೇಷನ್ನಿನ ಎದುರಿಗಿಂತ ಆಸ್ಪತ್ರೆಯ ಗೇಟಿನ ಹತ್ತಿರ ಬೇಕು, ಅಲ್ಲಿ ರೋಗಿಯ ಕಡೆಯವರು ಇನ್ನೂ ವರಾಂಡದಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ.