ಕೋಲಿ ನಾಯಿಯೂ ಕವಾನಾದ ಮಣ್ಣೂ

ಕ್ಯಾಲಬಾಸಸ್ ಎಂದೊಡನೆ ನಮ್ಮ ಸದಸ್ಯ ಬಂಧುಗಳಿಗೆ ನೆನಪಾಗುವುದು ಲಾಸ್ ವರ್ಜೆನೆಸ್ ರಸ್ತೆಯ ವೆಂಕಟೇಶ್ವರ ದೇವಸ್ಥಾನ, ಅದರ ಹಿಂದೆಯೇ ಅಲ್ಲಿಯ ಪುಳಿಯೋಗರೆ. ಅದೇ ಊರಿನಲ್ಲಿ, 101ನೇ ಹೆದ್ದಾರಿಗೆ ಸಮೀಪವಾಗಿ, ನಮ್ಮವರು ಅಷ್ಟಾಗಿ ನೋಡದ ಇನ್ನೊಂದು ಸ್ಥಳವಿದೆ. ಅದು ಸಾಕುಪ್ರಾಣಿಗಳ ಸ್ಮಶಾನ. 1928ರಲ್ಲಿ ತೆರೆದ ಈ ಜಾಗ ಸುಮಾರು ಹತ್ತು ಎಕರೆಯಷ್ಟಿದೆ. ಮೂಕಿ ಚಿತ್ರಗಳ ನಟ ರುಡಾಲ್ಫ್ ವ್ಯಾಲೆಂಟಿನೋನ ನಾಯಿ ಕಬಾರ್ ಮತ್ತು ಹೋಪಲಾಂಗ್ ಕ್ಯಾಸಿಡಿಯ ಕುದುರೆ ಟಾಪರ್ ಇಲ್ಲಿಯೇ ಮಲಗಿವೆ. ನಾಯಿಗೆ ಸಮಾಧಿಯೇ ಎಂದು ಊರಿನಲ್ಲಿ ನಕ್ಕಾರು. ಆದರೆ ನಮ್ಮ ಮಕ್ಕಳು ಈ ದೇಶದಲ್ಲಿ ನಾಯಿಯೊಡನೆ ಬೆಳೆಯುತ್ತಿರುವುದನ್ನು ಕಂಡ ಮೇಲೆ ನಮಗಂತೂ ನಗು ಬರುವುದಿಲ್ಲ.

ಈ ಲೇಖನ ಬರೆಯಲು ಕಾರಣವಾದದ್ದು ಒಂದು ಟೆಲಿಫೋನ್ ಕರೆ. ನಮ್ಮ ಹೆಸರಿನ ಹಿಂದೆ 'ಡಾಕ್ಟರ್' ಎಂದಿರುವುದು ರಸಾಯನಶಾಸ್ತ್ರದ ಪದವಿಯಿಂದ ಬಂದದ್ದು, ನಾಡಿ ಹಿಡಿಯಲು ಬಂದದ್ದಲ್ಲ. ಇದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಕೇಳುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಮನೆಯಾಕೆ ಫೋನ್ ಮಾಡಿದರು. "ಡಾಕ್ಟ್ರೇ, ನಮ್ಮ ನಾಯಿಗೆ ರಾತ್ರಿಯಿಂದ ಭೇದಿ. ಮನೇಲಿ ಲೋಪೆರಮೈಡ್ ಮಾತ್ರೆ ಇದೆ. ಒಂದು ಕೊಡಬಹುದಾ?" ನಾವು ಕೈಬೆರಳಲ್ಲೇ ಲೆಕ್ಕ ಹಾಕಿದೆವು. ಮನುಷ್ಯನಿಗೆ ಎರಡು ಮಾತ್ರೆ, ನಾಯಿಯ ತೂಕ ಇಪ್ಪತ್ತು ಕಿಲೋ, ಒಂದು ಆದೀತು. "ಕೊಡಿ ತಾಯಿ, ಏನೂ ಆಗೋಲ್ಲ" ಎಂದೆವು. ಸಂಜೆಯ ಹೊತ್ತಿಗೆ ಆ ಆಸ್ಟ್ರೇಲಿಯನ್ ಶೆಪರ್ಡ್ ನಾಯಿ ಕುಡಿದವರಂತೆ ತೂರಾಡಿತು, ಗೋಡೆಗೆ ತಲೆ ಒತ್ತಿ ನಿಂತಿತು, ಕರೆದರೆ ತಿರುಗಲಿಲ್ಲ. ಪಶುವೈದ್ಯರು ರಾತ್ರಿಯಿಡೀ ಇಟ್ಟುಕೊಂಡು ನೋಡಿದರು. ಎರಡು ದಿನದಲ್ಲಿ ಅದು ಸರಿಹೋಯಿತು. ಆ ಮನೆಯ ಹತ್ತು ವರ್ಷದ ಹುಡುಗಿ ಮಾತ್ರ ಆ ಎರಡು ದಿನ ನಮ್ಮನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ಲೆಕ್ಕ ತಪ್ಪಿರಲಿಲ್ಲ, ಆದರೂ ನಾಯಿ ಬಿದ್ದಿತು. ಏಕೆಂದು ಹುಡುಕುತ್ತ ಹೋದಾಗ ಸ್ಕಾಟ್ಲೆಂಡಿನ ಕುರಿಹಟ್ಟಿ, ಜಪಾನಿನ ಗಾಲ್ಫ್ ಮೈದಾನ, ಆಮ್‌ಸ್ಟರ್‌ಡ್ಯಾಮಿನ ಇಲಿಗಳು, ನಮ್ಮ ಯಾದಗಿರಿ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಸಿಕ್ಕವು. ಆ ಚರಿತ್ರೆಯನ್ನೇ ಇಲ್ಲಿ ಹೇಳುತ್ತೇವೆ.

ಕೋಲಿ ಎಂಬುದು ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಕುರಿ ಕಾಯುವ ನಾಯಿ. ನಮ್ಮ ಕುರುಬರ ನಾಯಿಯಂತೆ ಇದಕ್ಕೂ ಮೊದಲು ವಂಶಾವಳಿಯ ಗೊಡವೆ ಇರಲಿಲ್ಲ. ಕುರಿ ತಿರುಗಿಸಿದರೆ ಅದು ಒಳ್ಳೆಯ ನಾಯಿ, ಅಷ್ಟೇ. 1860ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರದರ್ಶನದಲ್ಲಿ ಕುರಿನಾಯಿಗಳಿಗೆ ಪ್ರತ್ಯೇಕ ವಿಭಾಗವಾಯಿತು. ಬಾಲ್ಮೋರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಕೋಲಿಗಳನ್ನು ಸಾಕತೊಡಗಿದ ಮೇಲೆ ಕುರಿಹಟ್ಟಿಯ ನಾಯಿ ದಿವಾನಖಾನೆಗೆ ಬಂದಿತು. 1873ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಸ್ಥಾಪನೆಯಾಗಿ ವಂಶಾವಳಿಯ ದಾಖಲೆ ಆರಂಭವಾಯಿತು. ಅಲ್ಲಿಂದಾಚೆಗೆ ಒಂದು ತಳಿಯ ನಾಯಿಗೆ ಅದೇ ತಳಿಯಲ್ಲೇ ಸಂಬಂಧ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವ ಪದ್ಧತಿಯ ಗುಣದೋಷ ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ಒಳ್ಳೆಯ ಗುಣ ನಿಲ್ಲುತ್ತದೆ, ಅದರೊಡನೆ ಒಳಗೆ ಅಡಗಿದ ದೋಷವೂ ನಿಲ್ಲುತ್ತದೆ.

ಈ ನಾಯಿಯನ್ನು ಲೋಕಪ್ರಸಿದ್ಧ ಮಾಡಿದ್ದು ನಮ್ಮ ಲಾಸ್ ಏಂಜಲೀಸ್. ಎರಿಕ್ ನೈಟ್ 1940ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಎಂ.ಜಿ.ಎಂ. ಸಂಸ್ಥೆ 1943ರಲ್ಲಿ 'ಲ್ಯಾಸಿ ಕಮ್ ಹೋಮ್' ಎಂಬ ಚಿತ್ರವಾಗಿ ತಂದಿತು. ಹೆಣ್ಣು ನಾಯಿ ಲ್ಯಾಸಿಯ ಪಾತ್ರ ಮಾಡಿದ್ದು 1940ರಲ್ಲಿ ನಾರ್ತ್ ಹಾಲಿವುಡ್‌ನಲ್ಲಿ ಹುಟ್ಟಿದ ಪಾಲ್ ಎಂಬ ಗಂಡು ಕೋಲಿ! ನಮ್ಮ ಯಕ್ಷಗಾನದ ಸ್ತ್ರೀವೇಷ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ರಡ್ ವೆದರ್‌ವ್ಯಾಕ್ಸ್ ಎಂಬಾತ ಅದನ್ನು ಪಳಗಿಸಿದ. 1954ರಿಂದ 1973ರವರೆಗೆ ಟೆಲಿವಿಷನ್ನಿನಲ್ಲೂ ಲ್ಯಾಸಿ ನಡೆಯಿತು. ಅಮೆರಿಕದ ಮನೆಮನೆಯ ಮಕ್ಕಳಿಗೆ ಕೋಲಿ ಬೇಕೆನಿಸಿತು.

ಇನ್ನು ಮದ್ದಿನ ಕಡೆಯ ಕಥೆ. 1970ರ ದಶಕದ ಮೊದಲ ಭಾಗದಲ್ಲಿ ಟೋಕಿಯೋದ ಕಿತಾಸಾತೋ ಸಂಸ್ಥೆಯ ಸಾತೋಶಿ ಓಮುರಾ ಅವರು ಜಪಾನಿನ ನಾನಾ ಕಡೆಯಿಂದ ಮಣ್ಣು ತಂದು ಅದರೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದರು. ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಬಳಿ ತೆಗೆದ ಒಂದು ಚಿಟಿಕೆ ಮಣ್ಣಿನಲ್ಲಿ ಹೊಸ ಸ್ಟ್ರೆಪ್ಟೋಮೈಸಿಸ್ ಜೀವಿ ಸಿಕ್ಕಿತು. ಅದು ನ್ಯೂಜೆರ್ಸಿಯ ಮರ್ಕ್ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತು ಸಂಗಡಿಗರು 1975ರಲ್ಲಿ ಜಂತು ಹಿಡಿದ ಇಲಿಗೆ ಅದರ ಕಷಾಯ ತಿನ್ನಿಸಿ ನೋಡಿದಾಗ ಜಂತು ಮಾಯವಾಗಿತ್ತು. ಹೀಗೆ ಸಿಕ್ಕಿದ್ದು ಏವರ್ಮೆಕ್ಟಿನ್. ಅದರ ಅಣುವಿನಲ್ಲಿರುವ ಐದು ದ್ವಿಬಂಧಗಳ ಪೈಕಿ ಒಂದಕ್ಕೆ ಮಾತ್ರ ಹೈಡ್ರೋಜನ್ ಸೇರಿಸಿ, ಉಳಿದ ನಾಲ್ಕನ್ನು ಮುಟ್ಟದೆ, ಐವರ್ಮೆಕ್ಟಿನ್ ಮಾಡಿದರು. ಇದಕ್ಕೆ ಬಳಸಿದ್ದು ವಿಲ್ಕಿನ್ಸನ್ ಅವರ ರೋಡಿಯಂ ವೇಗವರ್ಧಕ. ನಮ್ಮಂಥ ರಸಾಯನದವರಿಗೆ ಈ ಒಂದು ಹೆಜ್ಜೆಯೇ ಕೈಮುಗಿಯುವಂಥದ್ದು. ಸಾವಿರ ಜನರ ಸಂತೆಯಲ್ಲಿ ಒಬ್ಬನ ಹೆಗಲನ್ನು ಮಾತ್ರ ತಟ್ಟಿ ಬಂದಂತೆ.

1981ರಲ್ಲಿ ಐವರ್ಮೆಕ್ಟಿನ್ ಜಾನುವಾರುಗಳ ಔಷಧಿಯಾಗಿ ಮಾರುಕಟ್ಟೆಗೆ ಬಂದಿತು. ದನಕ್ಕೆ ಒಂದು ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಸಾಕು. ಹೊಟ್ಟೆಯ ಜಂತು, ಮೈಮೇಲಿನ ಹುಳ, ಎರಡೂ ಹೋಗುತ್ತವೆ. ಇಷ್ಟು ಒಳ್ಳೆಯ ಮದ್ದನ್ನು ನಾಯಿಗೂ ಏಕೆ ಕೊಡಬಾರದು ಎಂದು ದನ, ಕುದುರೆಗಳಿಗಾಗಿ ಮಾಡಿದ್ದನ್ನೇ ಕೆಲವರು ನಾಯಿಗಳಿಗೆ ಕೊಡತೊಡಗಿದರು. ಹೆಚ್ಚಿನ ನಾಯಿಗಳಿಗೆ ಏನೂ ಆಗಲಿಲ್ಲ. 1983ರ ಹೊತ್ತಿಗೆ ಪಶುವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳು ಬರಲಾರಂಭಿಸಿದವು. ಕಣ್ಣಿನ ಪಾಪೆ ಅಗಲವಾಗುವುದು, ಜೊಲ್ಲು, ನಡುಕ, ತೂರಾಟ, ಕುರುಡು, ಪ್ರಜ್ಞೆ ತಪ್ಪುವುದು, ಕೊನೆಗೆ ಸಾವು. ಬಿದ್ದ ನಾಯಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಕೋಲಿ. ಅದೂ ಎಲ್ಲ ಕೋಲಿಗಳಲ್ಲ. ಒಂದೇ ಮನೆಯಲ್ಲಿ ಅಣ್ಣ ಬಿದ್ದರೆ ತಮ್ಮ ಆರಾಮವಾಗಿರುತ್ತಿದ್ದ. ಸಾಮಾನ್ಯ ನಾಯಿ ಸಾವಿರಾರು ಮೈಕ್ರೋಗ್ರಾಂ ತಡೆದುಕೊಂಡರೆ, ಸೂಕ್ಷ್ಮ ಕೋಲಿಗೆ ಕಿಲೋ ತೂಕಕ್ಕೆ ನೂರು ಚಿಲ್ಲರೆಯೇ ಅಪಾಯ. 'ಬಿಳಿ ಪಾದ ಕಂಡರೆ ಮದ್ದು ಬೇಡ' ಎಂಬ ಅರ್ಥದ ಒಂದು ಪ್ರಾಸದ ಗಾದೆಯೇ ಈ ದೇಶದ ಪಶುವೈದ್ಯರಲ್ಲಿ ಹುಟ್ಟಿಕೊಂಡಿತು.

ಹೀಗಿದ್ದೂ 1987ರಲ್ಲಿ ನಾಯಿಗಳ ಹೃದಯದ ಜಂತು ತಡೆಯುವ ಮಾತ್ರೆಯಾಗಿ ಐವರ್ಮೆಕ್ಟಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ವಿರೋಧಾಭಾಸವೇನಿಲ್ಲ. ಸೊಳ್ಳೆಯಿಂದ ಬರುವ ಆ ಜಂತಿನ ಮರಿಗೆ ತಿಂಗಳಿಗೊಮ್ಮೆ ಕಿಲೋಗೆ 6 ಮೈಕ್ರೋಗ್ರಾಂ ಸಾಕು. ಅಷ್ಟನ್ನು ಕೋಲಿಯೂ ತಾಳಿಕೊಳ್ಳುತ್ತದೆ. ವಿಷವೋ ಅಮೃತವೋ ಎಂಬುದು ಪ್ರಮಾಣದಲ್ಲಿದೆ ಎಂದು ನಮ್ಮ ಆಯುರ್ವೇದದವರೂ ಹೇಳುತ್ತ ಬಂದದ್ದೇ. ಆದರೆ ಪ್ರಮಾಣ ಯಾರ ಪ್ರಮಾಣ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ಉತ್ತರದ ಎಳೆ ಬೇರೆಲ್ಲೋ ಇತ್ತು. 1976ರಲ್ಲಿ ಟೊರಾಂಟೋದಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬಿಬ್ಬರು, ಔಷಧಿಗೆ ಬಗ್ಗದ ಜೀವಕೋಶಗಳ ಹೊರಪೊರೆಯಲ್ಲಿ ಒಂದು ಪ್ರೋಟೀನನ್ನು ಕಂಡು ಅದಕ್ಕೆ ಪಿ-ಗ್ಲೈಕೋಪ್ರೋಟೀನ್ ಎಂದು ಹೆಸರಿಟ್ಟರು. ಒಳಗೆ ಬಂದ ಅನ್ಯವಸ್ತುವನ್ನು ಹಿಡಿದು ಹೊರಕ್ಕೆ ತಳ್ಳುವುದು ಇದರ ಕೆಲಸ. ದೇವಸ್ಥಾನದಲ್ಲಿ ಗರ್ಭಗುಡಿಯ ಎರಡು ಕಡೆ ಗದೆ ಹಿಡಿದು ನಿಂತ ಜಯವಿಜಯರನ್ನು ನೋಡಿದ್ದೇವಲ್ಲ, ಮೆದುಳಿನ ರಕ್ತನಾಳಗಳಲ್ಲಿ ಇದು ಅಂಥ ದ್ವಾರಪಾಲಕ. 1994ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕ್ಯಾನ್ಸರ್ ಸಂಸ್ಥೆಯ ಆಲ್ಫ್ರೆಡ್ ಸ್ಕಿಂಕೆಲ್ ಮತ್ತು ಸಂಗಡಿಗರು ಈ ದ್ವಾರಪಾಲಕನಿಲ್ಲದ ಇಲಿಗಳನ್ನು ಸೃಷ್ಟಿಸಿದ ಸಂಗತಿ ಪ್ರಕಟಿಸಿದರು. ಇಲಿಗಳು ಹೊರನೋಟಕ್ಕೆ ಆರೋಗ್ಯವಾಗಿಯೇ ಇದ್ದವು. ಒಮ್ಮೆ ಇಲಿಮನೆಗೆ ಹುಳ ಬಿದ್ದು, ವಾಡಿಕೆಯಂತೆ ಐವರ್ಮೆಕ್ಟಿನ್ ಸಿಂಪಡಿಸಿದರು. ಬೇರೆ ಇಲಿಗಳು ಉಳಿದವು, ಇವು ಸತ್ತವು. ಪರೀಕ್ಷಿಸಿದರೆ ಇವುಗಳ ಮೆದುಳಿನಲ್ಲಿ ಮದ್ದು ಸುಮಾರು ತೊಂಬತ್ತು ಪಟ್ಟು ಹೆಚ್ಚು ತುಂಬಿತ್ತು. ಕೋಲಿಯ ಒಗಟು ಹೀಗೆ ಕುದುರೆಯನ್ನೂ ನಾಯಿಯನ್ನೂ ನೋಡದವರ ಕೈಯಲ್ಲಿ ಬಿಡಿಸಿಕೊಳ್ಳತೊಡಗಿತು.

ಜಂತಿನ ನರಗಳಲ್ಲಿ ಐವರ್ಮೆಕ್ಟಿನ್ ಹಿಡಿಯುವ ಕ್ಲೋರೈಡ್ ದ್ವಾರಗಳು ನಮ್ಮಲ್ಲಿ ಇಲ್ಲ. ಅದನ್ನೇ ಹೋಲುವ ಬೇರೆ ದ್ವಾರಗಳು ನಮ್ಮ ಮೆದುಳಿನ ಒಳಗಡೆ ಇವೆ. ದ್ವಾರಪಾಲಕ ಇರುವವರೆಗೆ ಮದ್ದು ಅಲ್ಲಿಗೆ ತಲಪುವುದಿಲ್ಲ. 2001ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಟ್ರಿನಾ ಮೀಲಿ ಮತ್ತು ಸಂಗಡಿಗರು ಸೂಕ್ಷ್ಮ ಕೋಲಿಗಳ ಎಂ.ಡಿ.ಆರ್.1 ಎಂಬ ವಂಶವಾಹಿಯಲ್ಲಿ ನಾಲ್ಕೇ ನಾಲ್ಕು ಅಕ್ಷರ ಬಿಟ್ಟುಹೋಗಿರುವುದನ್ನು ತೋರಿಸಿದರು. ಮೂರು ಮೂರು ಅಕ್ಷರವಾಗಿ ಓದಬೇಕಾದ ಗ್ರಂಥದಲ್ಲಿ ನಾಲ್ಕು ಬಿಟ್ಟರೆ ಮುಂದಿನದೆಲ್ಲ ಅಪಾರ್ಥ. ಪ್ರೋಟೀನು ಹತ್ತರಲ್ಲೊಂದು ಪಾಲೂ ಆಗುವ ಮುನ್ನ ನಿಂತುಬಿಡುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ದೋಷ ಬಂದ ನಾಯಿಗೆ ಬಾಗಿಲು ಕಾಯುವವರೇ ಇಲ್ಲ.

2004ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಮಾರ್ಕ್ ನೆಫ್ ಮತ್ತು ಇತರರು ನಾಲ್ಕು ಸಾವಿರಕ್ಕೂ ಮೀರಿ ನಾಯಿಗಳನ್ನು ಪರೀಕ್ಷಿಸಿ ಒಂಬತ್ತು ತಳಿಗಳಲ್ಲಿ ಇದೇ ನಾಲ್ಕಕ್ಷರದ ಲೋಪ ಕಂಡರು. ಆಸುಪಾಸಿನ ಗುರುತುಗಳೂ ಹೊಂದಿಕೊಂಡವು. ಅಂದರೆ ಇದು ಒಂದೇ ನಾಯಿಯಲ್ಲಿ ಒಮ್ಮೆ ಹುಟ್ಟಿದ ದೋಷ. ಆ ಪೂರ್ವಜ 1873ಕ್ಕೆ ಮೊದಲು ಬ್ರಿಟನ್ನಿನಲ್ಲಿ ಬದುಕಿದ್ದಿರಬೇಕೆಂದು ಅವರ ತೀರ್ಮಾನ. ಅದು ಒಳ್ಳೆಯ ಕುರಿನಾಯಿಯೇ ಆಗಿದ್ದಿರಬೇಕು, ಇಲ್ಲದಿದ್ದರೆ ಅದರ ಮರಿಗಳನ್ನು ಯಾರು ಬೇಡುತ್ತಿದ್ದರು? ನೂರು ವರ್ಷ ಆ ದೋಷ ಯಾರ ಗಮನಕ್ಕೂ ಬರಲಿಲ್ಲ. ಕವಾನಾದ ಮಣ್ಣಿನಿಂದ ಮದ್ದು ಬಂದ ಮೇಲೆ ಅದು ಎದ್ದು ಕಂಡಿತು.

ಇದೆಲ್ಲ ನಾಯಿಯ ಮಾತಾಯಿತು ಎನ್ನಬೇಡಿ. 1987ರಲ್ಲಿ ಮರ್ಕ್ ಸಂಸ್ಥೆ ಆಫ್ರಿಕದ ನದಿತೀರಗಳ ಅಂಧತ್ವ ರೋಗಕ್ಕೆ ಇದೇ ಮದ್ದನ್ನು ಬೇಕಾದಷ್ಟು ದಿನ ಉಚಿತವಾಗಿ ಕೊಡುವುದಾಗಿ ಸಾರಿತು. 2015ರ ವೈದ್ಯಕೀಯ ನೊಬೆಲ್ ಬಹುಮಾನದ ಅರ್ಧ ಭಾಗ ಕ್ಯಾಂಬೆಲ್ ಮತ್ತು ಓಮುರಾ ಅವರಿಗೆ ಸಂದಿತು. ಆನೆಕಾಲು ರೋಗ ನಿರ್ಮೂಲನೆಗಾಗಿ ಐವರ್ಮೆಕ್ಟಿನ್ ಸೇರಿದ ಮೂರು ಮದ್ದುಗಳನ್ನು ಒಟ್ಟಿಗೆ ನುಂಗಿಸುವ ಕಾರ್ಯಕ್ರಮ ಭಾರತದಲ್ಲಿ 2018ರ ಕೊನೆಗೆ ಆರಂಭವಾದಾಗ, ಅದಕ್ಕೆ ಆರಿಸಿದ ಮೊದಲ ಕೆಲವೇ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಕೋಲಿಯನ್ನು ಕೆಡವುವ ಪ್ರಮಾಣವೇ ಅಲ್ಲಿಯ ರೈತನಿಗೆ ನಿರಪಾಯ, ಏಕೆಂದರೆ ಅವನ ದ್ವಾರಪಾಲಕ ಎಚ್ಚರವಾಗಿದ್ದಾನೆ. ಮನುಷ್ಯರಲ್ಲೂ ಅತ್ಯಪರೂಪಕ್ಕೆ ಬಾಗಿಲು ಬರಿದಾಗಿರುತ್ತದೆ. ಒಂದೇ ಸಲದ ಐವರ್ಮೆಕ್ಟಿನ್ನಿನಿಂದ ಪ್ರಜ್ಞೆ ತಪ್ಪಿದ ಫ್ರಾನ್ಸಿನ 13 ವರ್ಷದ ಬಾಲಕನೊಬ್ಬನಲ್ಲಿ ಇದೇ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಿದ್ದುದು 2020ರಲ್ಲಿ ವರದಿಯಾಯಿತು.

ಈಗ ಮನೆಯ ಮಾತು. ಅಮೆರಿಕದ ಕೋಲಿಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರಕ್ಕೆ ಈ ದೋಷದ ಒಂದು ಪ್ರತಿಯಾದರೂ ಇದೆ, ಆಸ್ಟ್ರೇಲಿಯನ್ ಶೆಪರ್ಡ್‌ಗಳಲ್ಲಿ ಸುಮಾರು ಅರ್ಧಕ್ಕೆ. ಶೆಟ್‌ಲೆಂಡ್ ಕುರಿನಾಯಿ, ಜರ್ಮನ್ ಶೆಪರ್ಡ್, ಇವುಗಳೊಡನೆ ಬೆರೆತ ನಾಯಿಗಳಲ್ಲೂ ಕಾಣುತ್ತದೆ. ದವಡೆಯ ಒಳಗನ್ನು ಸವರಿ ತೆಗೆದ ಮಾದರಿಯಿಂದಲೇ ಪರೀಕ್ಷೆ ಆಗುತ್ತದೆ. ಜೀವಮಾನಕ್ಕೆ ಒಮ್ಮೆ ಮಾಡಿಸಿದರೆ ಸಾಕು. ಕ್ಯಾಲಬಾಸಸ್, ಹಿಡನ್ ಹಿಲ್ಸ್ ಕಡೆ ಕುದುರೆ ಲಾಯಗಳು ಬಹಳ. ಕುದುರೆಗೆ ಕೊಡುವ ಒಂದು ಕೊಳವೆ ಪೇಸ್ಟಿನಲ್ಲಿ ಸುಮಾರು 113 ಮಿಲಿಗ್ರಾಂ ಐವರ್ಮೆಕ್ಟಿನ್ ಇರುತ್ತದೆ. ಇಪ್ಪತ್ತು ಕಿಲೋ ತೂಕದ ಸೂಕ್ಷ್ಮ ನಾಯಿಗೆ ಅದರಲ್ಲಿ ಐವತ್ತನೆಯ ಒಂದು ಪಾಲು, ಅಂದರೆ ನೆಲಕ್ಕೆ ಬಿದ್ದ ಒಂದು ತೊಟ್ಟು, ಅಪಾಯ ತರಬಹುದು. ಮದ್ದು ತಿಂದ ಕುದುರೆಯ ಲದ್ದಿಗೂ ನಾಯಿಯನ್ನು ಬಿಡಬೇಡಿ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಮಾತ್ರೆಗಳನ್ನೂ, ಮನೆಯ ಭೇದಿ ಮಾತ್ರೆಯನ್ನೂ ನಾಯಿಗೆ ಕೊಡುವ ಮುನ್ನ ಪಶುವೈದ್ಯರನ್ನು ಕೇಳಿ. ಲೋಪೆರಮೈಡನ್ನು ಮೆದುಳಿನಿಂದ ಹೊರಗಿಡುವುದೂ ಅದೇ ದ್ವಾರಪಾಲಕ. ತೂರಾಟ ಕಂಡರೆ ತಡಮಾಡಬೇಡಿ. ಈ ವಿಷಕ್ಕೆ ನೇರವಾದ ಪ್ರತಿವಿಷವಿಲ್ಲ, ಆದರೆ ಉಸಿರು, ನೀರು, ಶಾಖ ನೋಡಿಕೊಂಡು ಕಾದರೆ ಎಷ್ಟೋ ನಾಯಿಗಳು ಬದುಕುತ್ತವೆ. ಹಾಗೆಯೇ, ಹೆದರಿ ಹೃದಯದ ಜಂತಿನ ತಿಂಗಳ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಆ ಹುಡುಗಿಯ ನಾಯಿಯನ್ನು ಪರೀಕ್ಷಿಸಿದಾಗ ಎರಡು ಪ್ರತಿಯಲ್ಲೂ ದೋಷವಿತ್ತು. ಈಗ ಅದರ ಕೊರಳಪಟ್ಟಿಯಲ್ಲಿ ಹೆಸರಿನೊಡನೆ ಆ ಸಂಗತಿಯನ್ನೂ ಕೆತ್ತಿಸಿದ್ದಾರೆ. ಕಳೆದ ಸಲ ದೇವಸ್ಥಾನದಲ್ಲಿ ಸಿಕ್ಕಾಗ ಹುಡುಗಿ ಕೇಳಿದಳು: "ಮಾಮ, ಈಗ ಯಾರಾದರೂ ಫೋನ್ ಮಾಡಿ ಕೇಳಿದರೆ ಏನು ಹೇಳ್ತೀರಾ?" ಮೊದಲು ಯಾವ ತಳಿ ಎಂದು ಕೇಳುತ್ತೇವೆ, ಆಮೇಲೆ ಪಶುವೈದ್ಯರ ನಂಬರು ಕೊಡುತ್ತೇವೆ ಎಂದೆವು. ಒಂದು ಕ್ಷಣ ಯೋಚಿಸಿ, ಸರಿ ಎಂಬಂತೆ ತಲೆಯಾಡಿಸಿ, ತನ್ನ ಎಲೆಯ ಪುಳಿಯೋಗರೆಯಲ್ಲಿ ಅರ್ಧ ನಮಗೆ ಕೊಟ್ಟಳು.